ಓದಲು ಬಾರದ ಅವ್ವನ ಜೊತೆ ಕೂತು ನೋಡೋಕೆ ಕ್ರಿಸ್‌ಮಸ್ ಸಿನಿಮಾ ಯಾವುದಿದೆ?

ರಾಯಚೂರಿನವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ರಾಯಚೂರಿನಲ್ಲಿ, ತೀನ್ ಕಂದೀಲ್ ಹತ್ತಿರ. ಡಿಸೆಂಬರ್ ಎರಡನೇ ವಾರ ಬಂತು ಅಂದ್ರೆ ರಾತ್ರಿ ಊಟ ಮುಗಿಸಿ, ನೆಲಕ್ಕೆ ಹಳೇ ಪೇಪರ್ ಹಾಸಿ, ಹಬ್ಬಕ್ಕೆ ಕರ್ಚಿಕಾಯಿ, ಶಂಕರಪಾಳಿ ಮಾಡುತ್ತಾ ಎಲ್ಲರೂ ಒಂದು ಸಿನಿಮಾ ನೋಡುತ್ತೇವೆ. ಅವ್ವನಿಗೆ 74 ವರ್ಷ. ಕರ್ಚಿಕಾಯಿಯ ಅಂಚು ಮಡಚೋದು ಅವಳದೇ ಕೆಲಸ. ಅಚ್ಚು, ಕಟರ್ ಏನೂ ಬೇಡ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಜಡೆ ಹೆಣೆದ ಹಾಗೆ ಮಡಚುತ್ತಾಳೆ.

ಹೋದ ವರ್ಷ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಹಾಕಿದ್ದೆ. 1946ರ ಸಿನಿಮಾ, ನನಗೆ ಪ್ರಾಣ. ಅವ್ವನಿಗೆ ಓದಲು ಬರುವುದಿಲ್ಲ, ಹಾಗಾಗಿ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಕೂತೆ. ನಾನು ಒಂದು ಹೇಳೋಷ್ಟರಲ್ಲಿ ಅಲ್ಲಿ ಮೂರು ಮಾತು ಮುಗಿದಿರುತ್ತಿತ್ತು. ಮಕ್ಕಳು "ಅಮ್ಮಾ, ಸುಮ್ನಿರು" ಅಂದರು. ಕೊನೆಗೆ ಆ ಸೇತುವೆ ಬಂತು. ಸುತ್ತ ಹಿಮ ಬೀಳುತ್ತಿದೆ, ನಾಯಕ ಹೊಳೆಗೆ ಹಾರಲು ನಿಂತಿದ್ದಾನೆ. ನಾನೂ ಹೇಳೋದು ಮರೆತೆ. ಅವ್ವ ಮೆಲ್ಲಗೆ ಕೇಳಿದಳು, "ಇದೇನವ್ವ, ಹತ್ತಿ ಹಾರ್ಲಿಕತ್ತಾದ?" ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಂಡು ಎದ್ದಳು. "ನೀವು ನೋಡ್ರಿ, ನನಗ ನಿದ್ದಿ ಬರ್ಲಿಕತ್ತಾದ."

ಅವ್ವ ಇಪ್ಪತ್ತು ವರ್ಷ ಹತ್ತಿ ಮಿಲ್ಲಿನಲ್ಲಿ ದುಡಿದವಳು. ಸಂಜೆ ಮನೆಗೆ ಬಂದಾಗ ತಲೆ, ಹುಬ್ಬು ಎಲ್ಲಾ ಬೆಳ್ಳಗೆ. ಅವಳಿಗೆ ಅದು ಹತ್ತಿ ಅನಿಸಿದ್ದರಲ್ಲಿ ತಪ್ಪೇನಿದೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ವರ್ಷ ಹಾಗಾಗಬಾರದು. ಅವ್ವನಿಗೆ ಕನ್ನಡ, ತೆಲುಗು ಬರುತ್ತದೆ. ಹಿಂದಿ ಮಾತು ತಿಳಿಯುತ್ತದೆ. ಯಾರೂ ಅರ್ಥ ಹೇಳದೆ, ಅವಳು ತಾನೇ ನೋಡಿ ನಗುವಂಥ ಸಿನಿಮಾ ಯಾವುದಿದೆ?

ಮಾನ್ವಿ ಮೇಷ್ಟ್ರು:

ಅಕ್ಕಾ, ‘ಹೋಮ್ ಅಲೋನ್’ ಹಾಕಿ. 1990ರದ್ದು. ಕ್ರಿಸ್‌ಮಸ್‌ಗೆ ಊರಿಗೆ ಹೊರಟ ಗಡಿಬಿಡಿಯಲ್ಲಿ ಮನೆಯವರು ಒಬ್ಬ ಹುಡುಗನನ್ನೇ ಮರೆತು ವಿಮಾನ ಹತ್ತುತ್ತಾರೆ. ಕಥೆ ಅಷ್ಟೇ. ಕೊನೆಯ ಅರ್ಧ ಗಂಟೆ ಕಳ್ಳರ ಫಜೀತಿ, ಅದಕ್ಕೆ ಭಾಷೆ ಬೇಕಾಗಿಲ್ಲ. ಆ್ಯಪ್‌ನಲ್ಲಿ ಆಡಿಯೊ ಅಂತ ಇರುತ್ತದೆ, ಹಿಂದಿ ಅಥವಾ ತೆಲುಗು ಇದೆಯಾ ಮೊದಲು ನೋಡಿಕೊಳ್ಳಿ. ನಮ್ಮ ಭಾಗ 1948ರ ತನಕ ನಿಜಾಮರ ಕೈಯಲ್ಲಿತ್ತಲ್ಲ, ಉರ್ದು ಕಿವಿಗೆ ಬಿದ್ದೇ ಇರುತ್ತಿತ್ತು, ಹಾಗಾಗಿ ನಮ್ಮ ಹಿರಿಯರಿಗೆ ಹಿಂದಿ ಮಾತು ಕಷ್ಟವೇ ಅಲ್ಲ.

ಹಟ್ಟಿ ಕ್ಯಾಂಪ್:

ನನ್ನ ಕೇಳಿದರೆ ಚಾಪ್ಲಿನ್‌ನ ‘ದಿ ಗೋಲ್ಡ್ ರಶ್’. 1925ರ ಮೂಕಿ ಚಿತ್ರ. ಹಿಮದ ನಾಡಿಗೆ ಚಿನ್ನ ಹುಡುಕಿ ಹೋದವರ ಕಥೆ. ನಮ್ಮಪ್ಪ ಚಿನ್ನದ ಗಣಿಯಲ್ಲಿ ಇಳಿದು ದುಡಿದವರು, ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಹಸಿವು ತಾಳದೆ ಬೂಟು ಬೇಯಿಸಿ ತಿನ್ನುವ ಜಾಗ ಇದೆ. ಲೇಸನ್ನು ಶಾವಿಗೆ ಥರ ಸುತ್ತಿಕೊಂಡು ತಿನ್ನುತ್ತಾನೆ, ಮೊಳೆಯನ್ನು ಎಲುಬಿನ ಹಾಗೆ ಚೀಪುತ್ತಾನೆ. ಆ ಬೂಟನ್ನು ಶೂಟಿಂಗ್‌ಗೆ ಅಂತ ಜೇಷ್ಠಮಧುವಿನ ಮಿಠಾಯಿಯಲ್ಲಿ ಮಾಡಿದ್ದರು. ಹೊಸ ವರ್ಷದ ಹಿಂದಿನ ರಾತ್ರಿಯ ಊಟವೂ ಅದರಲ್ಲೇ ಬರುತ್ತದೆ, ಹಬ್ಬದ ಕಾಲಕ್ಕೆ ಸರಿಹೋಗುತ್ತದೆ. ಒಂದು ಮಾತು ನೆನಪಿಡಿ. 1942ರಲ್ಲಿ ಚಾಪ್ಲಿನ್ ತನ್ನದೇ ದನಿಯಲ್ಲಿ ಇಂಗ್ಲಿಷ್ ವಿವರಣೆ ಸೇರಿಸಿ ಮತ್ತೆ ಬಿಡುಗಡೆ ಮಾಡಿದ. ಅದು ಬೇಡ, 1925ರದ್ದೇ ಹುಡುಕಿ. ಮಧ್ಯೆ ಮಧ್ಯೆ ಬರಹದ ಚೀಟಿ ಬರುತ್ತವೆ, ಓದದಿದ್ದರೂ ನಡೆಯುತ್ತದೆ. ಚಾಪ್ಲಿನ್ ತೀರಿಕೊಂಡಿದ್ದೂ ಕ್ರಿಸ್‌ಮಸ್ ದಿನವೇ, 1977ರಲ್ಲಿ. ಪ್ರತಿ ವರ್ಷ ಆ ದಿನ ನಮ್ಮ ಮನೆಯಲ್ಲಿ ಅವನದೇ ಸಿನಿಮಾ.

ಗಂಗಾವತಿಯಿಂದ:

ಮಕ್ಕಳೂ ಇದ್ದಾರೆ ಅಂದಿರಿ. ‘ದಿ ಸ್ನೋಮ್ಯಾನ್’ ನೋಡಿ. 1982ರಲ್ಲಿ ಬ್ರಿಟನ್ನಿನ ಟಿವಿಗೆ ಮಾಡಿದ ಕಾರ್ಟೂನ್, ಅರ್ಧ ಗಂಟೆಗೂ ಕಡಿಮೆ. ಕಥೆಯಲ್ಲಿ ಮಾತೇ ಇಲ್ಲ. ಹುಡುಗ ಮತ್ತು ಹಿಮದ ಮನುಷ್ಯ ಆಕಾಶದಲ್ಲಿ ಹಾರುವಾಗ ಒಂದೇ ಒಂದು ಹಾಡು. ಕೊನೆಗೆ ಅವನು ಕರಗಿ ಹೋಗುತ್ತಾನೆ. ಸಣ್ಣವರಿದ್ದರೆ ಮೊದಲೇ ಹೇಳಿಬಿಡಿ, ನನ್ನ ಮಗಳು ತುಂಬಾ ಅತ್ತಿದ್ದಳು.

ಇನ್ನೊಂದು, ನಿಮ್ಮ ಅವ್ವ ಕೇಳಿದ್ದು ಸರಿಯಾಗೇ ಇದೆ. ಹಳೇ ಕಾಲದ ಸಿನಿಮಾಗಳಲ್ಲಿ ಹತ್ತಿಯನ್ನೇ ಹಿಮ ಅಂತ ತೋರಿಸುತ್ತಿದ್ದರು. ಆಮೇಲೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಬಂತು. ಅದರ ಮೇಲೆ ನಡೆದರೆ ಕರಕರ ಸದ್ದು, ಮಾತನ್ನು ಆಮೇಲೆ ಮತ್ತೆ ರೆಕಾರ್ಡ್ ಮಾಡಬೇಕಿತ್ತು. ನೀವು ಹೇಳಿದ 1946ರ ಸಿನಿಮಾಕ್ಕೆ ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ಹಿಮ ಮಾಡಿದರು. ಶೂಟಿಂಗ್ ನಡೆದಿದ್ದು ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ. ಅವ್ವನಿಗೆ ಇದನ್ನು ಖಂಡಿತ ಹೇಳಿ.

ರಾಯಚೂರಿನವಳು:

ನಿನ್ನೆ ‘ಗೋಲ್ಡ್ ರಶ್’ ನೋಡಿದೆವು. ಹಟ್ಟಿಯ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆ.

ಹಾಕುವ ಮೊದಲೇ ಗಂಗಾವತಿಯವರು ಬರೆದಿದ್ದನ್ನು ಅವ್ವನಿಗೆ ಓದಿ ಹೇಳಿದೆ. "ಮತ್ತ? ನಾ ಹೇಳಿದ್ದಿಲ್ಲೇನು?" ಅಂದು ಮಕ್ಕಳ ಕಡೆ ನೋಡಿದಳು. ಆಮೇಲೆ ಎರಡು ತಾಸು ನಾನು ಬಾಯಿ ತೆರೆಯಲೇ ಇಲ್ಲ. ಮಾತಾಡಿದ್ದೆಲ್ಲ ಅವಳೇ. "ಅಕಿ ಬರಂಗಿಲ್ಲ, ನೋಡ್ತಿರ್ರಿ" ಅಂದಳು, ಅವನು ಊಟಕ್ಕೆ ಮೇಜು ಸಿಂಗರಿಸಿ ಆ ಹುಡುಗಿಗೆ ಕಾಯುವಾಗ. ನಿಜವಾಗಿಯೂ ಅವಳು ಬರಲಿಲ್ಲ. ಅವನು ಕಾದು ಕಾದು ಹಾಗೇ ನಿದ್ದೆ ಹೋಗುತ್ತಾನೆ. ಕನಸಿನಲ್ಲಿ ಎರಡು ಬನ್ನಿಗೆ ಫೋರ್ಕ್ ಚುಚ್ಚಿ, ಕಾಲಿನ ಹಾಗೆ ಕುಣಿಸುತ್ತಾನಲ್ಲ, ಅಲ್ಲಿ ಅವ್ವ ಮಡಚುತ್ತಿದ್ದ ಕರ್ಚಿಕಾಯಿ ಕೈಯಲ್ಲೇ ಉಳಿಯಿತು. ಅಂಚಿನಿಂದ ಹೂರಣ ಸುರಿದು ಸೀರೆಗೆಲ್ಲ ಬಿತ್ತು.

ಆ ಜಾಗವನ್ನು ಮೂರು ಸಲ ಹಾಕಿಸಿದಳು. ‘ಹೋಮ್ ಅಲೋನ್’ ಶನಿವಾರಕ್ಕೆ ಇಟ್ಟಿದ್ದೇವೆ ಮೇಷ್ಟ್ರೇ, ಹಿಂದಿ ಆಡಿಯೊ ಸಿಕ್ಕಿದೆ.