ಮಾತಾಡುವುದಕ್ಕೂ ಪದವಿಯೇ ಎಂದು ಕೇಳಿದ ಅಣ್ಣನಿಗೆ

ಅಣ್ಣ, ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ನೋಡಿದೆ. ಮಗಳು ದ್ವಿತೀಯ ಪಿಯು ಮುಗಿಸಿ ಸ್ಪೀಚ್ ಕಮ್ಯುನಿಕೇಷನ್, ಅಂದರೆ ಜನರೊಡನೆ ಮತ್ತು ಸಭೆಯ ಮುಂದೆ ಮಾತಾಡುವ ವಿದ್ಯೆ, ಓದುತ್ತೇನೆ, ಅದೂ ಅಮೆರಿಕದಲ್ಲೇ ಓದುತ್ತೇನೆ ಎನ್ನುತ್ತಿದ್ದಾಳೆ. ಮಾತಾಡುವುದಕ್ಕೂ ಲಕ್ಷಾಂತರ ರೂಪಾಯಿ ಕೊಟ್ಟು ಪದವಿ ಪಡೆಯಬೇಕೇ ಎಂದು ನೀವು ಕೇಳಿದ್ದೀರಿ. ದೊಡ್ಡಪ್ಪನವರು ಮೈಸೂರಿನ ಸಂಸ್ಥೆಗೆ ಅರ್ಜಿ ಹಾಕಿಸಿ ಎಂದಿದ್ದಾರೆ. ಈ ವಿಷಯದಲ್ಲಿ ಎಂಎ ಮಾಡಿ ಬಂದವಳು ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಬಿಡುವಾದಾಗ ಅತ್ತಿಗೆಯವರಿಗೂ ಕೇಳಿಸಿ.

ದೊಡ್ಡಪ್ಪನವರು ಹೇಳಿದ್ದು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1965ರಿಂದ ಇರುವ ಬಹಳ ಒಳ್ಳೆಯ ಸಂಸ್ಥೆಯೇ. ಆದರೆ ಅಲ್ಲಿಯ ಬಿಎಎಸ್‌ಎಲ್‌ಪಿ ಪದವಿ, ತೊದಲುವವರಿಗೆ, ಕಿವಿ ಕೇಳದ ಮಕ್ಕಳಿಗೆ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಚಿಕಿತ್ಸೆ ನೀಡುವವರನ್ನು ತಯಾರು ಮಾಡುವಂಥದ್ದು. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಆ ಓದಿಗೆ ಪಿಯುನಲ್ಲಿ ವಿಜ್ಞಾನ ಓದಿರಬೇಕು. ನಮ್ಮ ಹುಡುಗಿ ಕಲಾ ವಿಭಾಗದವಳು. ಹೆಸರಿನಲ್ಲಿ ಸ್ಪೀಚ್ ಎಂಬ ಪದವಿದೆ ಎಂಬುದನ್ನು ಬಿಟ್ಟರೆ ಎರಡಕ್ಕೂ ಹತ್ತಿರದ ಸಂಬಂಧವಿಲ್ಲ.

ಅವಳು ಕೇಳುತ್ತಿರುವ ವಿದ್ಯೆಯ ಬೇರು ಜಮೀನು ವ್ಯಾಜ್ಯದಲ್ಲಿದೆ ಎಂದರೆ ನೀವು ನಗಬಹುದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ ನಿರಂಕುಶ ದೊರೆಗಳು ಉರುಳಿದ ಮೇಲೆ, ಅವರು ಕಿತ್ತುಕೊಂಡಿದ್ದ ಭೂಮಿಯನ್ನು ಮರಳಿ ಪಡೆಯಲು ಜನರು ನ್ಯಾಯಸಭೆಯ ಮುಂದೆ ತಮ್ಮ ವಾದವನ್ನು ತಾವೇ ಮಂಡಿಸಬೇಕಾಯಿತಂತೆ. ಹಾಗೆ ಮಂಡಿಸುವ ಕ್ರಮವನ್ನು ಕೋರಾಕ್ಸ್ ಎಂಬುವನು ಹೇಳಿಕೊಟ್ಟನೆಂದು ಪರಂಪರೆ ಹೇಳುತ್ತದೆ. ಸೋಮವಾರ ಸಿರಿಗೆರೆ ಮಠದ ನ್ಯಾಯಪೀಠದ ಮುಂದೆ ಅಣ್ಣತಮ್ಮಂದಿರು ಬದುವಿನ ತಕರಾರು ಹೇಳಿಕೊಳ್ಳುವುದನ್ನು ಕಂಡವರಿಗೆ ಇದು ದೂರದ ಕಥೆ ಎನಿಸುವುದಿಲ್ಲ. ಒಂದೇ ಸಂಗತಿಯನ್ನು ಒಬ್ಬನು ಹೇಳಿದರೆ ಸಭೆ ತಲೆದೂಗುತ್ತದೆ, ಇನ್ನೊಬ್ಬನು ಹೇಳಿದರೆ ಆಕಳಿಸುತ್ತದೆ. ಏಕೆ ಎಂಬುದೇ ಈ ಶಾಸ್ತ್ರದ ಮೂಲ ಪ್ರಶ್ನೆ. ಹೇಳುವವನ ಮೇಲಿನ ನಂಬಿಕೆ, ಕೇಳುವವರ ಭಾವ, ಮಾತಿನ ತರ್ಕ ಎಂದು ಅರಿಸ್ಟಾಟಲ್ ಮಾಡಿದ ಮೂರು ವಿಂಗಡಣೆಗಳನ್ನು ಇಂದಿಗೂ ಮೊದಲ ತಿಂಗಳಲ್ಲೇ ಕಲಿಸುತ್ತಾರೆ.

ಎಂಎ ತರಗತಿಯಲ್ಲಿ ನಾನು ಮಾಡಿದ ಮೊದಲ ಭಾಷಣದ ಕಥೆಯನ್ನೂ ಹೇಳಿಬಿಡುತ್ತೇನೆ. ಐದು ನಿಮಿಷದ ಅವಕಾಶವಿತ್ತು. ದಾವಣಗೆರೆಯ ವೇದಿಕೆಗಳನ್ನು ನೋಡಿ ಬೆಳೆದವಳು ನಾನು. ವೇದಿಕೆಯ ಮೇಲೆ ಆಸೀನರಾಗಿರುವವರಿಂದ ಹಿಡಿದು ಹಿಂದಿನ ಸಾಲಿನವರವರೆಗೆ ಎಲ್ಲರನ್ನೂ ಇಂಗ್ಲಿಷಿನಲ್ಲಿ ಸಂಬೋಧಿಸುವಷ್ಟರಲ್ಲಿ ಎರಡು ನಿಮಿಷ ಕಳೆದಿತ್ತು. ವಿಷಯಕ್ಕೆ ಬರುವ ಹೊತ್ತಿಗೆ ಗಂಟೆ ಬಾರಿಸಿದರು. ಆಮೇಲೆ ಅದರ ವಿಡಿಯೋವನ್ನು ನಾನೇ ಕುಳಿತು ನೋಡಿ, ತಪ್ಪುಗಳನ್ನು ಬರೆದು ಒಪ್ಪಿಸಬೇಕಾಯಿತು. ಆ ಶಿಕ್ಷೆಯ ಮುಂದೆ ಪರೀಕ್ಷೆಯೇ ಮೇಲು.

ಓದು ಎಂದರೆ ಬರೀ ಭಾಷಣವಲ್ಲ. ಭಾಷಣಕ್ಕೆ ಮುಂಚೆ ಕೇಳುಗರು ಯಾರು, ಅವರಿಗೆ ಈಗಾಗಲೇ ಏನು ಗೊತ್ತು, ಯಾವುದನ್ನು ಅವರು ಒಪ್ಪಲಾರರು ಎಂಬುದನ್ನು ವಿಚಾರಿಸಿ ಬರೆಯಬೇಕು. ಆಧಾರ ಎಲ್ಲಿಯದು ಎಂಬುದನ್ನು ಬಾಯಲ್ಲೇ ಹೇಳಬೇಕು. ಮುಂದಿನ ವರ್ಷಗಳಲ್ಲಿ ಗುಂಪಿನ ನಿರ್ಣಯ, ಸಂದರ್ಶನ, ಕುಟುಂಬದೊಳಗಿನ ಸಂವಹನ, ಸಂಶೋಧನಾ ವಿಧಾನ ಎಲ್ಲವೂ ಬರುತ್ತವೆ. ಮಾತಾಡುವ ಭಯವನ್ನು ಅಳೆಯಲು ಮ್ಯಾಕ್‌ಕ್ರಾಸ್ಕಿ ಎಂಬ ಪ್ರಾಧ್ಯಾಪಕರು ರೂಪಿಸಿದ 24 ಹೇಳಿಕೆಗಳ ಪ್ರಶ್ನಾವಳಿಯೊಂದಿದೆ. ಸಭೆಯಲ್ಲಿ ಧೈರ್ಯವಾಗಿ ಮಾತಾಡುವವರು ಇಬ್ಬರೇ ಕುಳಿತಾಗ ತಡವರಿಸುತ್ತಾರೆಂದು ಅದರಿಂದ ತಿಳಿಯುವುದುಂಟು. (ಯಾರೆಂದು ಹೇಳುವುದಿಲ್ಲ, ಅತ್ತಿಗೆಗೆ ಗೊತ್ತು.) ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ಹೇಳಿದ ಐದು ಹಂತಗಳ ಕ್ರಮವನ್ನು ಓದಿದ ದಿನ ನನಗೆ ದುಗ್ಗಮ್ಮನ ಜಾತ್ರೆಯಲ್ಲಿ ಮೂಲಿಕೆ ಎಣ್ಣೆ ಮಾರುವವನೇ ನೆನಪಾದ. ಮೊದಲು ಜನರನ್ನು ಸೇರಿಸುತ್ತಾನೆ, ಮಂಡಿನೋವಿನ ಮಾತೆತ್ತುತ್ತಾನೆ, ಸೀಸೆ ತೋರಿಸುತ್ತಾನೆ, ನೋವು ಹೋದ ಮೇಲೆ ಮೆಟ್ಟಿಲು ಹತ್ತುವ ಚಿತ್ರ ಬಿಡಿಸುತ್ತಾನೆ, ಕೊನೆಗೆ ಹಣ ತೆಗೆಯಿರಿ ಎನ್ನುತ್ತಾನೆ. ಅವನಿಗೆ ಪದವಿಯಿಲ್ಲ, ಸರಿ. ಆದರೆ ಅವನು ಎಲ್ಲಿ ಮೋಸ ಮಾಡುತ್ತಿದ್ದಾನೆಂದು ಬಿಡಿಸಿ ಹೇಳಲು ಈ ಓದು ಬೇಕು.

ಈಗ ಮಗಳಿಗೆ ಒಂದು ಮಾತು. ನೀನು ಹುಡುಕುತ್ತಿರುವ ಹೆಸರಿನಲ್ಲಿ ಹೆಚ್ಚು ವಿಭಾಗಗಳು ಸಿಗುತ್ತಿಲ್ಲ ಎಂದು ಬರೆದಿದ್ದೆಯಲ್ಲ, ಅದಕ್ಕೆ ಕಾರಣವಿದೆ. 1914ರಲ್ಲಿ ಅಮೆರಿಕದ ಹದಿನೇಳು ಜನ ಅಧ್ಯಾಪಕರು ಇಂಗ್ಲಿಷ್ ಅಧ್ಯಾಪಕರ ಸಂಘದಿಂದ ಹೊರಬಂದು ಭಾಷಣ ಕಲಿಸುವವರದೇ ಸಂಘ ಕಟ್ಟಿದರು. 1970ರಲ್ಲಿ ಅದು ಸ್ಪೀಚ್ ಕಮ್ಯುನಿಕೇಷನ್ ಅಸೋಸಿಯೇಷನ್ ಆಯಿತು, 1997ರಲ್ಲಿ ಸ್ಪೀಚ್ ಪದವನ್ನೇ ಬಿಟ್ಟು ನ್ಯಾಷನಲ್ ಕಮ್ಯುನಿಕೇಷನ್ ಅಸೋಸಿಯೇಷನ್ ಆಯಿತು. ಅನೇಕ ವಿಶ್ವವಿದ್ಯಾಲಯಗಳೂ ಅದೇ ದಾರಿ ಹಿಡಿದಿವೆ. ಆದ್ದರಿಂದ ಕಮ್ಯುನಿಕೇಷನ್ ಸ್ಟಡೀಸ್ ಎಂದು ಹುಡುಕು. ಪದವಿಯ ಹೆಸರಿಗಿಂತ ಸೆಮಿಸ್ಟರ್‌ವಾರು ಪಠ್ಯಪಟ್ಟಿಯನ್ನು ಓದು. ರೆಟರಿಕ್ (ಮಾತಿನಿಂದ ಮನವೊಲಿಸುವ ಶಾಸ್ತ್ರ), ವಾದಮಂಡನೆ, ಗುಂಪು ಸಂವಹನ ಇಲ್ಲದೆ ಬರೀ ಜಾಹೀರಾತು, ಕ್ಯಾಮೆರಾ ಇದ್ದರೆ ಅದು ಬೇರೆ ಓದು.

ಹಣದ ವಿಷಯದಲ್ಲಿ, ಅಣ್ಣ, ನಾನು ನಿಮ್ಮ ಪಕ್ಷ. ಬಿಎಗೇ ಅಮೆರಿಕಕ್ಕೆ ಕಳುಹಿಸಲು ಸಾಲ ಮಾಡಬೇಡಿ. ಇಲ್ಲಿಯೇ ಪತ್ರಿಕೋದ್ಯಮ ಅಥವಾ ಮನಃಶಾಸ್ತ್ರ ಇರುವ ಬಿಎ ಮಾಡಲಿ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ, ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಎಂಎ ಕೂಡ ಇದೆ. ಎಂಎಗೆ ಹೊರಗೆ ಹೋದರೆ, ಅಲ್ಲಿ ಭಾಷಣದ ಪ್ರಾಥಮಿಕ ತರಗತಿಗಳನ್ನು ಕಲಿಸುವವರು ಬಹುಪಾಲು ನಮ್ಮಂಥ ವಿದ್ಯಾರ್ಥಿಗಳೇ. ಆ ಸಹಾಯಕ ಹುದ್ದೆ ಸಿಕ್ಕವರಿಗೆ ಸಾಮಾನ್ಯವಾಗಿ ಶುಲ್ಕ ಮಾಫಿಯಾಗಿ ತಿಂಗಳ ಭತ್ಯೆಯೂ ಬರುತ್ತದೆ. ನಾನು ಓದಿದ್ದೂ ಹಾಗೆಯೇ. ಒಂದು ಎಚ್ಚರಿಕೆ: ನಮ್ಮ ಮೂರು ವರ್ಷದ ಪದವಿ ಸೇರಿದರೆ ಒಟ್ಟು ಹದಿನೈದು ವರ್ಷದ ಓದಾಗುತ್ತದೆ, ಅಲ್ಲಿಯ ಕೆಲವು ವಿಶ್ವವಿದ್ಯಾಲಯಗಳು ಹದಿನಾರು ಕೇಳುತ್ತವೆ. ಇದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಭಾನುವಾರ ಅವಳನ್ನು ವಿದ್ಯಾನಗರಕ್ಕೆ ಕಳುಹಿಸಿ. ಈ ಓದು ತನಗೆ ಏಕೆ ಬೇಕೆಂದು ಐದು ನಿಮಿಷ ನಿಂತು ಹೇಳಲಿ, ನಾನು ಗಡಿಯಾರ ಹಿಡಿದು ಕೂರುತ್ತೇನೆ. ನೀವೂ ಬನ್ನಿ, ಆದರೆ ಅವಳು ಮುಗಿಸುವವರೆಗೆ ನಡುವೆ ಬಾಯಿ ಹಾಕುವಂತಿಲ್ಲ.