‘ಬುಕಿಂಗ್’, ‘ಇನ್‌ಮೇಟ್’: ಕೌಂಟಿ ಜೈಲಿನ ದಾಖಲೆಗಳ ಪದಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ರಾಜ್ಯದೊಳಗಿನ, ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ನೆಲೆಸಿರುವ ನಾವು ಕೆಲವರು ಸೇರಿ ಕನ್ನಡದಲ್ಲಿ ನಾಲ್ಕು ಪುಟಗಳ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಇಲ್ಲಿ ಪೊಲೀಸರು ಯಾರನ್ನಾದರೂ ಹಿಡಿದೊಯ್ದಾಗ, ಊರಿನಲ್ಲಿರುವ ತಂದೆತಾಯಿಯರು ಆ ವ್ಯಕ್ತಿ ಯಾವ ಜೈಲಿನಲ್ಲಿದ್ದಾನೆ, ಯಾವಾಗ ಕರೆತಂದರು, ಯಾವ ಆರೋಪದ ಮೇಲೆ ಇಟ್ಟುಕೊಂಡಿದ್ದಾರೆ ಎಂಬುದನ್ನು ತಾವೇ ಹುಡುಕಿ ತಿಳಿದುಕೊಳ್ಳುವಂತಾಗಬೇಕು ಎಂಬುದು ನಮ್ಮ ಆಸೆ. ಕಾನೂನಿನ ಭಾಗವನ್ನು ವಕೀಲರೊಬ್ಬರು ನೋಡಿಕೊಟ್ಟಿದ್ದಾರೆ. ನಾವು ಸಿಕ್ಕಿಕೊಂಡಿರುವುದು ಪದಗಳಲ್ಲಿ.

ಇದಕ್ಕೆ ಕಾರಣವಾದ ಪ್ರಸಂಗವನ್ನು ಹೇಳಿದರೆ ತೊಡಕು ಎಲ್ಲಿದೆಯೆಂದು ತಿಳಿದೀತು. ಕಳೆದ ವರ್ಷ ದಾವಣಗೆರೆ ಕಡೆಯ ತಾಯಿಯೊಬ್ಬರು, ಎರಡು ದಿನದಿಂದ ಮಗನ ಫೋನಿಲ್ಲದೆ ಕಂಗಾಲಾಗಿ, ಮೊಮ್ಮಗಳ ನೆರವಿನಿಂದ ಇಲ್ಲಿನ ಜೈಲೊಂದರ ಹುಡುಕು ಪುಟವನ್ನು ಯಂತ್ರಾನುವಾದದಲ್ಲಿ ತೆರೆದಿದ್ದರು. ಪುಟದ ತಲೆಬರಹ ‘ಖೈದಿ ಹುಡುಕಾಟ’. ಮಗನ ಹೆಸರಿನ ಕೆಳಗೆ ‘ಕಾಯ್ದಿರಿಸಿದ ದಿನಾಂಕ’, ‘ಕಾಯ್ದಿರಿಸುವಿಕೆ ಸಂಖ್ಯೆ’, ಕೊನೆಯಲ್ಲಿ ‘ಜಾಮೀನು ಇಲ್ಲ’. ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ‘ಶಿಕ್ಷೆ ಆಗೇಬಿಟ್ಟಿತಾ?’ ಎರಡನೆಯದು, ‘ಯಾವ ದಿನಕ್ಕೆ ಅಂತ ಕಾಯ್ದಿರಿಸಿದ್ದಾರೆ?’ ಆ ಹುಡುಗನನ್ನು ಅಂದಿಗೆ ನ್ಯಾಯಾಧೀಶರ ಎದುರಿಗೂ ತಂದಿರಲಿಲ್ಲ. ಆ ತಾಯಿ ಇಡೀ ರಾತ್ರಿ ಪಟ್ಟ ಸಂಕಟಕ್ಕೆ ಎರಡು ತಪ್ಪು ಪದಗಳೂ ಕಾರಣವಾಗಿದ್ದವು ಎಂಬುದು ಈಗಲೂ ನನ್ನನ್ನು ಕೊರೆಯುತ್ತದೆ.

ಮೊದಲು ‘ಬುಕಿಂಗ್’. ಕ್ಯಾಲಿಫೋರ್ನಿಯಾದ ದಂಡಸಂಹಿತೆಯ 7ನೆಯ ಕಲಮೇ ಈ ಪದಕ್ಕೆ ಅರ್ಥ ಕೊಡುತ್ತದೆ: ದಸ್ತಗಿರಿಯ ಸಂಗತಿಯನ್ನು ಪೊಲೀಸರ ಅಧಿಕೃತ ದಾಖಲೆಯಲ್ಲಿ ಬರೆದುಕೊಳ್ಳುವುದು, ದಸ್ತಗಿರಿಯಾದವರ ಬೆರಳಚ್ಚು ಮತ್ತು ಭಾವಚಿತ್ರ ತೆಗೆದುಕೊಳ್ಳುವುದು, ಅಥವಾ ಇವುಗಳಲ್ಲಿ ಯಾವುದಾದರೂ ಒಂದು. ವಾಸ್ತವದಲ್ಲಿ ಇದರ ಜೊತೆಗೆ ಜೇಬಿನಲ್ಲಿದ್ದ ವಸ್ತುಗಳ ಪಟ್ಟಿಯಾಗುತ್ತದೆ, ಆರೋಗ್ಯದ ವಿಚಾರಣೆಯಾಗುತ್ತದೆ, ಒಂದು ಸಂಖ್ಯೆ ಬೀಳುತ್ತದೆ. ಕಾಣೆಯಾದವರನ್ನು ಹುಡುಕುವ ಮನೆಯವರಿಗೆ ಈ ಹಂತ ಬಹಳ ಮುಖ್ಯ, ಏಕೆಂದರೆ ಇದು ಮುಗಿಯುವ ತನಕ ಹೆಸರು ಯಾವ ಪಟ್ಟಿಯಲ್ಲೂ ಕಾಣಿಸದೆ ಇರಬಹುದು. ಅದೇ ಸಂಹಿತೆಯ 851.5ನೆಯ ಕಲಮಿನ ಪ್ರಕಾರ, ಇದು ಮುಗಿದ ಕೂಡಲೇ, ದೈಹಿಕವಾಗಿ ಅಸಾಧ್ಯವಾದ ಸಂದರ್ಭವನ್ನು ಬಿಟ್ಟರೆ ದಸ್ತಗಿರಿಯಾಗಿ 3 ಗಂಟೆಯೊಳಗೆ, ಆ ವ್ಯಕ್ತಿಗೆ ಕನಿಷ್ಠ 3 ಫೋನ್ ಕರೆ ಮಾಡುವ ಹಕ್ಕಿದೆ.

ಇದನ್ನು ಕನ್ನಡದಲ್ಲೂ ‘ಬುಕಿಂಗ್’ ಎಂದೇ ಬಿಡೋಣವೆಂದರೆ, ನಮ್ಮ ಕಿವಿಗೆ ಅದು ಬಸ್ಸಿನ ಸೀಟು, ಕಲ್ಯಾಣಮಂಟಪ, ಗ್ಯಾಸ್ ಸಿಲಿಂಡರ್. ಇನ್ನು ‘ಅವನ ಮೇಲೆ ಕೇಸ್ ಬುಕ್ ಮಾಡಿದರು’ ಎಂಬ ಆಡುಮಾತಿನಲ್ಲಿ ಬುಕ್ ಆಗುವುದು ಮೊಕದ್ದಮೆಯೇ ಹೊರತು ಮನುಷ್ಯನಲ್ಲ. ‘ಕಾಯ್ದಿರಿಸು’ ಎಂಬುದನ್ನು ಬಿಡಿಸಿದರೆ ಕಾಯ್ದು ಇರಿಸುವುದು, ಅಂದರೆ ಕಾವಲಿನಲ್ಲಿ ಇಡುವುದು ಎಂದೇ ಆಗುತ್ತದೆಯಾದರೂ ಇಂದಿನ ಬಳಕೆಯಲ್ಲಿ ಆ ಅರ್ಥ ಉಳಿದಿಲ್ಲ; ಅದನ್ನು ಯಾರೂ ಸಮರ್ಥಿಸಲಾರರು ಎಂದುಕೊಳ್ಳುತ್ತೇನೆ. ‘ನೋಂದಣಿ’ ಎಂದರೆ ಉಪನೋಂದಣಾಧಿಕಾರಿಯ ಕಚೇರಿ ಕಣ್ಣಮುಂದೆ ಬರುತ್ತದೆ.

‘ದಸ್ತಗಿರಿ’ ಒಳ್ಳೆಯ ಪದ. ನಮ್ಮ ಠಾಣೆ ಮತ್ತು ನ್ಯಾಯಾಲಯಗಳಲ್ಲಿ ದಿನವೂ ನಡೆಯುವ ಪದ. ಆದರೆ ಫಾರಸಿಯ ‘ದಸ್ತ್’ ಎಂದರೆ ಕೈ, ಹಾಗಾಗಿ ಅದು ಕೈಹಿಡಿದು ವಶಕ್ಕೆ ತೆಗೆದುಕೊಳ್ಳುವ ಕ್ಷಣವನ್ನು ಹೇಳುತ್ತದೆ. ಬುಕಿಂಗ್ ಆಗುವುದು ಅದರ ನಂತರ, ಜೈಲಿನ ಬಾಗಿಲಲ್ಲಿ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ದಾಖಲೆಗಳ ಕಾನೂನು ಪೊಲೀಸರು ಹೊರಗೆಡಹಬೇಕಾದ ವಿವರಗಳನ್ನು ಎಣಿಸುವಾಗ ದಸ್ತಗಿರಿಯ ದಿನಾಂಕ ಮತ್ತು ಸಮಯವನ್ನು ಒಂದಾಗಿ, ಬುಕಿಂಗಿನ ದಿನಾಂಕ ಮತ್ತು ಸಮಯವನ್ನು ಇನ್ನೊಂದಾಗಿ ಹೇಳುತ್ತದೆ. ಎರಡಕ್ಕೂ ಒಂದೇ ಪದವನ್ನಿಟ್ಟರೆ ಕೈಪಿಡಿ ಓದುವವರಿಗೆ ಎರಡು ಸಾಲುಗಳಲ್ಲಿ ಒಂದೇ ವಿವರ ಎರಡು ಬಗೆಯಾಗಿ ಕಂಡು ಗಾಬರಿಯಾಗುತ್ತದೆ.

ನನ್ನ ಮನಸ್ಸು ಒಲಿದಿರುವುದು ‘ದಾಖಲು’ ಎಂಬುದರ ಕಡೆಗೆ. ಅರಬ್ಬಿ ಮೂಲದಲ್ಲಿ ಅದಕ್ಕೆ ಒಳಹೊಕ್ಕ ಎಂಬ ಅರ್ಥ. ಕನ್ನಡ ಆ ಅರ್ಥವನ್ನು ಕಳೆದುಕೊಳ್ಳದೆ ಇನ್ನೊಂದನ್ನೂ ಬೆಳೆಸಿಕೊಂಡಿದೆ: ‘ಆಸ್ಪತ್ರೆಗೆ ದಾಖಲಾದರು’ ಎಂದರೆ ಒಳಗೆ ಸೇರಿಸಿಕೊಂಡರು, ‘ಪುಸ್ತಕದಲ್ಲಿ ದಾಖಲಿಸಿದರು’ ಎಂದರೆ ಬರೆದುಕೊಂಡರು. ಬುಕಿಂಗಿನಲ್ಲಿ ನಡೆಯುವುದು ಈ ಎರಡೂ. ಒಂದೇ ಪದ ಎರಡನ್ನೂ ಹೊತ್ತುಕೊಂಡಿರುವಾಗ ಹೊಸದನ್ನು ಟಂಕಿಸುವ ಅಗತ್ಯ ನನಗೆ ಕಾಣುವುದಿಲ್ಲ. ಒಂದು ಅಪಾಯವಿದೆ. ‘ಪ್ರಕರಣ ದಾಖಲಾಯಿತು’ ಎಂಬ ಪತ್ರಿಕೆಗಳ ವಾಕ್ಯ ಎಲ್ಲರ ನಾಲಿಗೆಯ ಮೇಲಿರುವುದರಿಂದ, ಬರಿಯ ‘ದಾಖಲು’ ಎಂದರೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿಯಾಯಿತು ಎಂದು ಓದುಗರು ತಿಳಿಯಬಹುದು. ಇಲ್ಲಿ ಹಾಗಲ್ಲ: ಬುಕಿಂಗಿನ ಸಾಲಿನಲ್ಲಿರುವ ಆರೋಪ ಪೊಲೀಸರದು, ಅದನ್ನು ನ್ಯಾಯಾಲಯಕ್ಕೆ ಒಯ್ಯಬೇಕೇ ಬೇಡವೇ ಎಂದು ತೀರ್ಮಾನಿಸುವವರು ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಕೌಂಟಿಯ ಸರ್ಕಾರಿ ಅಭಿಯೋಜಕರು. ಆದ್ದರಿಂದ ‘ಜೈಲುದಾಖಲು’ ಅಥವಾ ‘ಸೆರೆದಾಖಲು’ ಎಂದು ಜೋಡಿಸಿ, ‘ಜೈಲುದಾಖಲಿನ ದಿನಾಂಕ’, ‘ಜೈಲುದಾಖಲು ಸಂಖ್ಯೆ’ ಎನ್ನಬಹುದೇ? ‘ಸೆರೆದಾಖಲು’ ಕಿವಿಗೆ ಹೆಚ್ಚು ಇಂಪಾಗಿದೆ, ‘ಜೈಲುದಾಖಲು’ ಬೇಗ ಅರ್ಥವಾಗುತ್ತದೆ. ಗಾಬರಿಯಲ್ಲಿರುವ ಮನುಷ್ಯ ಓದುವ ಪುಟಕ್ಕೆ ಎರಡನೆಯದೇ ಸರಿಯೆಂದು ನನಗನ್ನಿಸಿದೆ.

ಇನ್ನು ‘ಇನ್‌ಮೇಟ್’, ಅಂದರೆ ಜೈಲಿನಲ್ಲಿ ಇರಿಸಿಕೊಂಡಿರುವ ವ್ಯಕ್ತಿ. ಯಂತ್ರ ಕೊಟ್ಟ ‘ಖೈದಿ’ಯ ಕಾಗುಣಿತವೇ ಸರಿಯಿಲ್ಲ, ಅರಬ್ಬಿಯ ಮೂಲಪದದಲ್ಲಿ ಮಹಾಪ್ರಾಣವಿಲ್ಲ, ‘ಕೈದಿ’ ಎಂದೇ ಬರೆಯಬೇಕು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ‘ವಿಚಾರಣಾಧೀನ’ ಎಂಬ ವಿಶೇಷಣವಿಲ್ಲದೆ ಬರಿಯ ‘ಕೈದಿ’ ಎಂದಾಗ ಜನಸಾಮಾನ್ಯರ ಮನಸ್ಸಿಗೆ ಬರುವುದು ಶಿಕ್ಷೆಯಾದವನೇ. ಹಾಗೆಂದು ಎಲ್ಲ ಕಡೆ ‘ವಿಚಾರಣಾಧೀನ ಕೈದಿ’ ಎನ್ನಲೂ ಆಗದು. ಕೌಂಟಿ ಜೈಲಿನಲ್ಲಿ ವಿಚಾರಣೆಗೆ ಕಾದಿರುವವರ ಜೊತೆಗೆ ಅಲ್ಪಾವಧಿಯ ಶಿಕ್ಷೆ ಅನುಭವಿಸುವವರೂ ಇರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2011ರ ಕಾನೂನು ಬದಲಾವಣೆಯ ನಂತರ, ಮೊದಲಾಗಿದ್ದರೆ ರಾಜ್ಯದ ಸೆರೆಮನೆಗೆ ಹೋಗುತ್ತಿದ್ದ ಕೆಲವು ಬಗೆಯ ಅಪರಾಧಿಗಳೂ ಅಲ್ಲೇ ಇದ್ದಾರೆ. ಇಬ್ಬರಿಗೂ ಸಲ್ಲುವ, ಯಾರನ್ನೂ ಮೊದಲೇ ಅಪರಾಧಿಯೆನ್ನದ ಪದ ಬೇಕು. ‘ನಿವಾಸಿ’ ವೃದ್ಧಾಶ್ರಮಕ್ಕೆ ಹೊಂದುತ್ತದೆ, ಇಲ್ಲಿ ಅದು ಸತ್ಯವನ್ನು ಮರೆಮಾಚುತ್ತದೆ. ‘ಬಂಧಿತ’ ದಸ್ತಗಿರಿಯನ್ನಷ್ಟೇ ಹೇಳುತ್ತದೆ. ‘ಸಜಾಬಂದಿ’ ಮತ್ತು ‘ವಿಚಾರಣಾ ಬಂದಿ’ ಎಂಬ ಜೋಡಿಯಲ್ಲಿ ಎರಡಕ್ಕೂ ಸಮಾನವಾಗಿರುವ ‘ಬಂದಿ’ಯನ್ನೇ ಎತ್ತಿಕೊಂಡು ‘ಬಂದಿಗಳ ಪಟ್ಟಿ’ ಎಂದು ನಾನು ಬರೆದಿದ್ದೇನೆ. ಗೆಳೆಯರೊಬ್ಬರು ಅದನ್ನು ‘ಬಂಧಿ’ ಎಂದು ತಿದ್ದಿದ್ದಾರೆ. ಬಂಧನದಿಂದ ಬಂದದ್ದೆಂಬ ಭಾವನೆಯಿಂದ ‘ಧ’ಕಾರ ಹುಟ್ಟಿರಬೇಕು, ‘ಬಂದೀಖಾನೆ’ಯಲ್ಲಿ ಅದಿಲ್ಲ ಎಂಬುದು ನನ್ನ ವಾದ. ಬಲ್ಲವರು ಹೇಳಬೇಕು.

‘ಜೈಲ್’ ಮತ್ತು ‘ಪ್ರಿಸನ್’ ನಮಗೆ ಒಂದೇ, ಅಮೆರಿಕದಲ್ಲಿ ಬೇರೆ ಬೇರೆ. ಮೊದಲನೆಯದು ಸಾಮಾನ್ಯವಾಗಿ ಕೌಂಟಿಯ ಶೆರೀಫರ ಕೈಯಲ್ಲಿರುತ್ತದೆ (ಮುಂಬೈಯ ಶೆರೀಫ್ ಹುದ್ದೆಯಂತೆ ಇದು ಬರಿಯ ಗೌರವದ್ದಲ್ಲ, ಬಹುತೇಕ ಕಡೆ ಜನರಿಂದ ಚುನಾಯಿತರಾದ ಕಾನೂನುಪಾಲಕರು ಇವರು), ಎರಡನೆಯದು ರಾಜ್ಯದ ಅಥವಾ ಒಕ್ಕೂಟ ಸರ್ಕಾರದ ಕೈಯಲ್ಲಿ. ಒಂದರ ಪಟ್ಟಿ ಇನ್ನೊಂದರಲ್ಲಿ ಇರುವುದಿಲ್ಲ. ಒಕ್ಕೂಟದ ಸೆರೆಮನೆ ಇಲಾಖೆಯ ಹುಡುಕು ಪುಟದಲ್ಲಿ 1982ರಿಂದೀಚಿನ ಹೆಸರುಗಳಿವೆ, ಆದರೆ ನಿನ್ನೆ ರಾತ್ರಿ ಸ್ಯಾನ್ ಹೋಸೆಯ ಕೌಂಟಿ ಜೈಲಿಗೆ ಸೇರಿಸಿದವನನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಕೈಪಿಡಿಯುದ್ದಕ್ಕೂ ಕೌಂಟಿಯದ್ದಕ್ಕೆ ‘ಜೈಲು’, ಉಳಿದೆರಡಕ್ಕೆ ‘ಸೆರೆಮನೆ’ ಎಂದು ಕಟ್ಟುನಿಟ್ಟಾಗಿ ಇಟ್ಟುಕೊಂಡಿದ್ದೇವೆ. ‘ಕೌಂಟಿ’ಯನ್ನು ಹಾಗೆಯೇ ಬಿಟ್ಟಿದ್ದೇವೆ, ‘ಜಿಲ್ಲೆ’ ಎಂದರೆ ಇಲ್ಲಿನ ಫೆಡರಲ್ ನ್ಯಾಯಾಲಯಗಳ ‘ಡಿಸ್ಟ್ರಿಕ್ಟ್’ ಜೊತೆ ಗೊಂದಲವಾಗುತ್ತದೆ.

‘ಜಾಮೀನು ಇಲ್ಲ’ ಎಂಬುದೂ ತಿದ್ದಬೇಕಾದದ್ದೇ, ಏಕೆಂದರೆ ಕನ್ನಡದಲ್ಲಿ ಅದಕ್ಕೆ ಜಾಮೀನು ಬೇಕಾಗಿಲ್ಲ ಎಂಬ ಅರ್ಥವೂ ಬರುತ್ತದೆ. ‘ಸದ್ಯಕ್ಕೆ ಜಾಮೀನಿಗೆ ಅವಕಾಶವಿಲ್ಲ’ ಎಂದು ಬಿಡಿಸಿ ಬರೆದಿದ್ದೇವೆ. ಹಣ ಕಟ್ಟಿಸಿಕೊಳ್ಳದೆ, ಕರೆದಾಗ ಬರುತ್ತೇನೆಂಬ ಮಾತಿನ ಮೇಲೆ ಬಿಡುವುದಕ್ಕೆ ನಮ್ಮ ‘ಸ್ವಂತ ಮುಚ್ಚಳಿಕೆ’ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ ಅಲ್ಲಿ ಚರ್ಚೆಯೇ ಆಗಲಿಲ್ಲ.

ಇನ್ನೊಂದು ತೊಡಕು ‘ಲಾಸ್ಟ್ ನೇಮ್’. ಹುಡುಕು ಪುಟದ ಮೊದಲ ಖಾನೆಯೇ ಅದು. ‘ಕೊನೆಯ ಹೆಸರು’ ಎಂದು ಬರೆದರೆ ಹಳೆ ಮೈಸೂರಿನ ಕಡೆಯವರು ತಮ್ಮ ಮಕ್ಕಳನ್ನು ಕರೆಯುವ ಹೆಸರನ್ನೇ ತುಂಬುತ್ತಾರೆ, ಏಕೆಂದರೆ ಊರು, ತಂದೆಯ ಹೆಸರು ಎರಡೂ ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ. ‘ಅಡ್ಡಹೆಸರು’ ಎಂದರೆ ಉತ್ತರ ಕರ್ನಾಟಕದವರಿಗೆ ಥಟ್ಟನೆ ತಿಳಿಯುತ್ತದೆ, ಆದರೆ ದಕ್ಷಿಣದ ಕೆಲವರಿಗೆ ಅದು ಗೇಲಿಯ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಅಮೆರಿಕದ ವೀಸಾದಲ್ಲಿ ಅದು ಕುಟುಂಬನಾಮದ ಜಾಗಕ್ಕೆ ಹೋಗಿ, ಕರೆಯುವ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ (‘ಫಸ್ಟ್ ನೇಮ್ ಅನ್‌ನೋನ್’, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಕೂರುತ್ತದೆ. ಸದ್ಯಕ್ಕೆ ‘ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದಿರುವಲ್ಲಿ ಬರೆದ ಹೆಸರು’ ಎಂದು ಉದ್ದವಾಗಿ ಬರೆದಿದ್ದೇವೆ. ಇದಕ್ಕಿಂತ ಚಿಕ್ಕದಾಗಿ, ಇಷ್ಟೇ ನಿಖರವಾಗಿ ಹೇಳುವ ಬಗೆ ಯಾರಿಗಾದರೂ ಹೊಳೆದರೆ ತಿಳಿಸಿ.

ಕಡೆಯದಾಗಿ, ಕರ್ನಾಟಕದ ಕಾರಾಗೃಹಗಳಲ್ಲಿ ಅಥವಾ ನ್ಯಾಯಾಲಯಗಳಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದರೆ ಅವರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ: ಪರಪ್ಪನ ಅಗ್ರಹಾರದಲ್ಲೋ ಹಿಂಡಲಗಾದಲ್ಲೋ ಹೊಸದಾಗಿ ಕರೆತಂದವರ ಹೆಸರು, ಗುರುತು, ಕೈಲಿದ್ದ ವಸ್ತುಗಳನ್ನು ಬಾಗಿಲಲ್ಲೇ ಬರೆದುಕೊಳ್ಳುವ ಆ ಕೆಲಸಕ್ಕೆ ಅಲ್ಲಿನ ಸಿಬ್ಬಂದಿ ಬಾಯಿಮಾತಿನಲ್ಲಿ ಏನೆನ್ನುತ್ತಾರೆ? ‘ಜೈಲುದಾಖಲು’ ಎಂಬುದಕ್ಕಿಂತ ಹಳೆಯ, ಕೈಗೆ ಪಳಗಿದ ಪದವೊಂದು ಅಲ್ಲಿದ್ದರೆ ನಾನು ಜೋಡಿಸಿದ್ದನ್ನು ಬಿಟ್ಟು ಅದನ್ನೇ ಕೈಪಿಡಿಗೆ ಹಾಕುತ್ತೇವೆ.