ಆರ್ಡರ್ ಹೆಚ್ಚಾದಂಗ ರೊಟ್ಟಿ ಮಾಡೋ ಹೆಣ್ಮಕ್ಕಳು ಬಿಟ್ಟು ಹೊಂಟಾರ, ಏನ್ ಮಾಡ್ಲಿ?

ಬ್ರಹ್ಮಪುರದ ರೊಟ್ಟಿ ಮನಿ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಕಲಬುರಗಿ ಬ್ರಹ್ಮಪುರದಾಗ ಮನ್ಯಾಗೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬ್ಯಾಳಿ ಪ್ಯಾಕೆಟ್ ಮಾಡಿ ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮ್ಯಾಲ ಮಾರ್ತೀನಿ. ಮೊದ್ಲು ಬೆಂಗಳೂರಾಗಿರೋ ನಮ್ ಕಡಿ ಹುಡುಗ್ರಷ್ಟೇ ತಗೋತಿದ್ರು, ಈಗ ಪುಣೆ, ಹೈದರಾಬಾದ್‌ದಿಂದಾನೂ ಆರ್ಡರ್ ಬರ್ತಾವ, ದಿನಕ್ಕ 15-16 ಡಬ್ಬಿ, ಡಬ್ಬಿಗಿ 40 ರೊಟ್ಟಿ. ಆರು ಮಂದಿ ಹೆಣ್ಮಕ್ಕಳು ಬರ್ತಿದ್ರು, 10ರಿಂದ 5ರ ತನಕ.

ಹೋದ ತಿಂಗಳು ಇಬ್ಬರು ಬಿಟ್ರು. ಖರೇ ಹೇಳ್ತೀನಿ, ನಂದೂ ತಪ್ಪದ. ನಾ ಕೊರಿಯರ್ ಕಡಿ ಹೋದಾಗ ಕೆಲ್ಸ ನಡೀತದೋ ಇಲ್ಲೋ ನೋಡ್ಲಿಕ್ಕ ಅಂತ ಅಡಗಿಮನ್ಯಾಗ ಕ್ಯಾಮೆರಾ ಹಾಕ್ಸಿದ್ದೆ, ರಾತ್ರಿ 10ಕ್ಕ ಗ್ರೂಪ್‌ನ್ಯಾಗ ಇವತ್ತು ಏಳು ರೊಟ್ಟಿ ಸೀದಾವ ಯಾರವು ಅಂತ ಕೇಳ್ತಿದ್ದೆ, ಮುರಿದ ರೊಟ್ಟಿ ಲೆಕ್ಕದಾಗ ರೊಕ್ಕ ಕಡೀತಿದ್ದೆ. ಅವರಾಗ ದೊಡ್ಡಾಕಿ ಹೋಗೋವಾಗ "ಅವ್ವಾ, ಕೆಂಡದ ಮುಂದ ಕೂಡೋದು ನಮಗ ರೂಢಿ ಅದ, ಈ ಕಣ್ಣಿನ ಮುಂದ ಕೂಡ್ಲಿಕ್ಕ ಆಗಲ್ಲ" ಅಂದ್ಲು. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಈಗ ನಾಲ್ಕೇ ಮಂದಿ, ಆರ್ಡರ್ ಮಾತ್ರ ಅಷ್ಟೇ ಅದ, ನಾ ಮುಂಜಾನಿ 5ರಿಂದ ರಾತ್ರಿ 11ರ ತನಕ ಫೋನ್ ಹಿಡ್ಕೊಂಡೇ ಇರ್ತೀನಿ. ಒಬ್ಬ ಮ್ಯಾನೇಜರ್ ಇಟ್ಕೋಬೇಕಾ, ಇಲ್ಲಾ ರೊಟ್ಟಿಗಿಷ್ಟು ಅಂತ ರೊಕ್ಕ ಕೊಟ್ರ ಲಗೂನ ಆಗ್ತದಾ? ತಿಳಿದವರು ಹೇಳ್ರಿ.

ಬೀದರ್ ಬಿದರಿ:
ಅಕ್ಕಾ, ಮ್ಯಾನೇಜರ್ ಬ್ಯಾಡ, ಮೊದ್ಲು ಆರ್ಡರ್ ತಗೋಳ್ಳೋ ರೀತಿ ಬದ್ಲಿ ಮಾಡ್ರಿ. ನಮ್ದು ಬಿದರಿ ಸಾಮಾನಿನ ಆನ್‌ಲೈನ್ ಧಂದಾ. ಒಂದು ದೀಪಾವಳಿಗಿ ಒಂದು ಕಂಪನಿಯವರು ಗಿಫ್ಟ್ ಕೊಡ್ಲಿಕ್ಕ 200 ಪೀಸ್ 15 ದಿನದಾಗ ಬೇಕಂದ್ರು, ಖುಷಿ ಒಳಗ ಹೂಂ ಅಂದೆ. ಈ ಕೆಲ್ಸ ಹ್ಯಾಂಗಂದ್ರ ಸತು ತಾಮ್ರ ಕರಗ್ಸಿ ಎರಕ ಹೊಯ್ಯಬೇಕು, ಕಾನಸಿಲೆ ನಯ ಮಾಡಿ ಮೈಲುತುತ್ತ ಹಚ್ಚಿ ಕರಿ ಮಾಡಿ ಅದರ ಮ್ಯಾಲ ಉಳಿಲೆ ಕೊರೀಬೇಕು, ಆ ಗೀರಿನಾಗ ಬೆಳ್ಳಿ ತಂತಿ ಕೂಡ್ಸಿ ಬಡೀಬೇಕು, ಕಡೀಕ ಬೀದರ್ ಕೋಟೆ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿನಾಗ ಅದ್ದಿದಾಗ ಪೂರಾ ಕರ್ರಗ ಆಗ್ತದ, ಬೆಳ್ಳಿ ಒಂದೇ ಹೊಳೀತದ. ಇದರಾಗ ಯಾವ್ದನ್ನ ಲಗೂನ ಮಾಡ್ತೀರಿ? ನಮ್ ಕಾರಾಗೀರ ಚಾಚಾ ಗೀರು ಆಳ ಕೊರೀಲಿಕ್ಕ ಪುರಸೊತ್ತಿಲ್ದೆ ತಂತಿ ಕೂಡ್ಸಿದ್ರು, 40 ಪೀಸ್‌ನ್ಯಾಗ ತಂತಿ ಎದ್ದು ವಾಪಸ್ ಬಂದ್ವು. ಬೈಸ್ಕೊಂಡವರು ಅವರು, ತಪ್ಪು ಹೂಂ ಅಂದ ನಂದು.

ಆಮ್ಯಾಲಿಂದ ಎರಡು ಮಾಡಿದ್ವಿ. ಮುಂಜಾನಿ 10ರಿಂದ 1ರ ತನಕ ಕಾರಖಾನ್ಯಾಗ ಯಾರ ಫೋನೂ ಇಲ್ಲ, ನಂದೂ ಇಲ್ಲ, ಯಾಕಂದ್ರ ಹಿಂದಿಂದ ಬಂದು ಚಾಚಾ ಅದು ಆಯ್ತಾ ಅಂದ್ರ ಉಳಿ ಜಾರ್ತದ. ಗಿರಾಕಿಗಿ ದಿನಾ ಎಷ್ಟು ಹಿಡೀತದ ಅಂತ ಮೊದ್ಲೇ ಹೇಳ್ತೀವಿ, ಅರ್ಧ ಮಂದಿ ಹೋಗ್ತಾರ ಅಂತ ಹೆದ್ರಿದ್ದೆ, ಹಂಗೇನ್ ಆಗಲಿಲ್ಲ. ಕಲ್ಯಾಣದಾಗ ಲಕ್ಕಮ್ಮ, ಗಂಡ ಹೆಚ್ಚಿಗಿ ಆಯ್ದು ತಂದ ಅಕ್ಕಿ ವಾಪಸ್ ಸುರಿದು ಬಾ ಅಂದಾಕಿ, ನಾವು ಈ ವಾರ ಆಗಲ್ರಿ ಅನ್ಲಿಕ್ಕ ಯಾಕ ಹೆದರ್ಬೇಕು.

ಆಳಂದ ನಾಕಾ:
ನಮ್ಮವ್ವ ಭಾಳ ವರ್ಷ ಬ್ಯಾರೆಯವರ ಮನಿಗಿ ರೊಟ್ಟಿ ಬಡೀಲಿಕ್ಕ ಹೋಗ್ಯಾಳ್ರಿ, ಅದಕ್ಕ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ರೊಟ್ಟಿಗಿಷ್ಟು ಅಂತ ಕೊಟ್ರ ಎಣಿಕಿ ಏರ್ತದ, ರೊಟ್ಟಿ ಕೆಡ್ತದ. ಹಿಟ್ಟಿಗಿ ಕುದಿಯೋ ನೀರು ಹಾಕಿ ಕೈ ಸುಡೋವಾಗ್ಲೇ ನಾದಬೇಕು, ಗಡಿಬಿಡಿ ಮಾಡಿದ್ರ ನಾದೋದೇ ಕಮ್ಮಿ ಆಗಿ ಅಂಚು ಸೀಳ್ತದ, ನಡು ದಪ್ಪ ಉಳೀತದ, ಆ ರೊಟ್ಟೀನೇ ಡಬ್ಬ್ಯಾಗ ಮುರಿಯೋದು. ನೀವು ರೊಕ್ಕ ಕಡಿಯೋದು ಅದೇ ರೊಟ್ಟಿಗಿ. ದಿನಗೂಲಿ ಕೊಡ್ರಿ, ಮುರಿದಿದ್ದು ಅವರ ಮನಿಗಿ ಒಯ್ಯಲಿ.

ಇನ್ನ 10ರಿಂದ 5 ಅಂದ್ರಲ್ಲ, ಅದು ಓದಿ ನನಗ ಸಂಕಟ ಆಯ್ತು. ಏಪ್ರಿಲ್ ಮೇ ದಾಗ ನಮ್ ಕಲಬುರಗಿ ವಿಭಾಗದಾಗ ಫ್ಯಾನ್ ಕೆಳಗ ಕೂಡೋ ಸರ್ಕಾರಿ ಆಫೀಸೇ ಮುಂಜಾನಿ 8ರಿಂದ 1.30ರ ತನಕ ಅಂತ ಟೈಮ್ ಬದ್ಲಿ ಮಾಡ್ತಾರ, ಒಲಿ ಮುಂದ ಕೂಡೋರನ್ನ ಮಧ್ಯಾಹ್ನ ಕೂಡ್ಸಬಹುದಾ? ನಮ್ಮವ್ವ ಸಂಜಿಕ ಮನಿಗಿ ಬಂದು ಎರಡು ಕೈ ತಣ್ಣೀರಿನ ಬಕೀಟ್‌ನ್ಯಾಗ ಇಟ್ಟು ಸುಮ್ಮ ಕೂಡ್ತಿದ್ಲು, ಊಟಾನೂ ಬ್ಯಾಡ ಅಂತಿದ್ಲು. ಮುಂಜಾನಿ 6ಕ್ಕ ಕರೀರಿ, 12ಕ್ಕ ಕಳಸ್ರಿ.

ಶಹಾಪುರ ಬ್ಯಾಳಿ:
ಮ್ಯಾಲಿನವರು ಹೇಳಿದ್ದೇ ಸರಿ ಅದ. ನಾ ರೊಕ್ಕದ ಲೆಕ್ಕ ಹೇಳ್ತೀನಿ ತಂಗಿ. ಕೊರಿಯರ್‌ದವರು ತೂಕ ಒಂದೇ ನೋಡಲ್ಲ, ಡಬ್ಬಿ ಉದ್ದ ಅಗಲ ಎತ್ತರ ಸೆಂಟಿಮೀಟರ್‌ನ್ಯಾಗ ಗುಣಿಸಿ ಸಾಮಾನ್ಯವಾಗಿ 5000ಲೆ ಭಾಗಸ್ತಾರ, ಯಾವ್ದು ಹೆಚ್ಚೋ ಅದಕ್ಕ ಬಿಲ್. ನಿಮ್ ಡಬ್ಬಿ 30, 30, 20 ಇದ್ರ 3.6 ಕೆಜಿ ಆಯ್ತು, ಒಳಗಿನ ರೊಟ್ಟಿ ಒಂದೂವರಿ ಕೆಜಿ ಇರಬಹುದು. ಎತ್ತರ 12ಕ್ಕ ಇಳಸ್ರಿ, 2.16 ಆಗ್ತದ, ಒಳಗ ಅಲುಗಾಡೋದೂ ಕಮ್ಮಿ, ಮುರಿಯೋದೂ ಕಮ್ಮಿ. ಉಳಿದ ರೊಕ್ಕದಾಗ ಕೂಲಿ ಹೆಚ್ಚು ಮಾಡ್ರಿ.

ಮತ್ತೊಂದು, ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ ಬ್ಯಾಳಿಗಿ 2022 ಜುಲೈ 18ರಿಂದ 5 ಪರ್ಸೆಂಟ್ ಜಿಎಸ್‌ಟಿ ಅದ, ಅದನ್ನ ಪುಣೆ ಹೈದರಾಬಾದ್ ಕಳಸ್ತೀರಿ ಅಂದ್ರ ವರ್ಷಕ್ಕ 40 ಲಕ್ಷ ವ್ಯಾಪಾರದ ತನಕ ರಿಜಿಸ್ಟ್ರೇಶನ್ ಬ್ಯಾಡ ಅನ್ನೋ ಮಿತಿ ನಿಮಗ ಹತ್ತಲ್ಲ, ರಿಜಿಸ್ಟ್ರೇಶನ್ ಬೇಕೇ ಬೇಕು. ಈ ವಾರಾನೇ ಆಡಿಟರ್ ಕಡಿ ಹೋಗಿ ಬರ್ರಿ.

ಬ್ರಹ್ಮಪುರದ ರೊಟ್ಟಿ ಮನಿ:
ಎಲ್ಲಾರಿಗೂ ಕೈ ಮುಗೀತೀನ್ರಿ. ಆಳಂದ ನಾಕಾದವರ ಬಕೀಟಿನ ಮಾತು ಓದಿ ಅತ್ತೆ. ಕ್ಯಾಮೆರಾ ಇವತ್ತೇ ತಗಸಿದೆ. ಮುರಿದಿದ್ದಕ್ಕ ಕಡಿದಿದ್ದ ರೊಕ್ಕ ಎರಡು ತಿಂಗಳದ್ದು ಲೆಕ್ಕ ಮಾಡೀನಿ, ಬಿಟ್ಟು ಹೋದವರ ಪಾಲು ಒಯ್ದು ಅವರ ಮನಿಗೇ ಕೊಟ್ಟು ಬಂದೆ. ದೊಡ್ಡಾಕಿ ಚಹಾ ಮಾಡಿ ಕೊಟ್ಲು, ಬರ್ತೀನಿ ಅಂತ ಹೇಳಲಿಲ್ಲ, 6ಕ್ಕ ಶುರು ಮಾಡ್ತೀಯಾ ಅಂತ ಎರಡು ಸಲ ಕೇಳಿದ್ಲು. ಆರ್ಡರ್ ಇನ್ನ ವಾರಕ್ಕ ಮೂರೇ ದಿನ ಕಳಸ್ತೀನಿ ಅಂತ ಸ್ಟೇಟಸ್ ಹಾಕೀನಿ. ಶಹಾಪುರ ಅಣ್ಣಾರ, 12 ಎತ್ತರದ ಡಬ್ಬಿ ನಮ್ ಗಂಜ್‌ನ್ಯಾಗ ಸಿಗ್ತಾವಾ, ಇಲ್ಲಾ ಹೇಳಿ ಮಾಡಸ್ಬೇಕಾ?